ಕೌಂಟರ್ ಮುಂದೆ ನಿಂತು ಬುಕ್ಕಿಂಗ್ ಕ್ಯಾನ್ಸಲ್ ಮಾಡಬೇಡಿ. ನಾನು ಮಾಡಿ ಕೆಟ್ಟೆ

ಮೊದಲೇ ಹೇಳಿಬಿಡುತ್ತೇನೆ, ಪೂರ್ತಿ ಓದದಿದ್ದರೂ ಇದೊಂದು ನೆನಪಿಡಿ. ಆ್ಯಪ್‌ನಲ್ಲಿ ಬುಕ್ ಮಾಡಿ ಹೋಟೆಲ್‌ಗೆ ಹೋದಾಗ ಕೌಂಟರ್‌ನವನು "ಅದನ್ನ ಕ್ಯಾನ್ಸಲ್ ಮಾಡ್ರಿ, ಇಲ್ಲೇ ಡೈರೆಕ್ಟ್ ರೂಮ್ ಕೊಡ್ತೀನಿ, ನಿಮ್ ರೊಕ್ಕ ವಾಪಸ್ ಬರ್ತೈತಿ" ಅಂದರೆ ಮಾಡಬೇಡಿ. ಎಷ್ಟೇ ಅವಸರ ಇರಲಿ, ಅವನು ಎಷ್ಟೇ ನಗುನಗುತ್ತಾ ಹೇಳಲಿ, ಮಾಡಬೇಡಿ. ನಾನು ಮಾಡಿದೆ. ಎರಡು ರೂಮು, ಒಂದೇ ದಿನ, ಒಟ್ಟು 6,330 ರೂಪಾಯಿ ಹೋಯಿತು. ರೂಪಾಯಿ ಹೋದದ್ದು ಹೋಗಲಿ, ಬೀಗರ ಮುಂದೆ ಮರ್ಯಾದೆ ಹೋಯಿತಲ್ಲ, ಅದಕ್ಕೆ ಇನ್ನೂ ಹೊಟ್ಟೆ ಉರಿಯುತ್ತಿದೆ.

ನಮ್ಮದು ವಿಜಯಪುರ. ತಂಗಿಯನ್ನು ದಾವಣಗೆರೆಗೆ ಕೊಟ್ಟಿದ್ದೇವೆ. ಚೊಚ್ಚಲ ಹೆರಿಗೆ ನಮ್ಮಲ್ಲೇ ಆಯಿತು, ಗಂಡು ಮಗು. ಹೋದ ತಿಂಗಳು ತೊಟ್ಟಿಲ ಕಾರ್ಯ ಇಟ್ಟುಕೊಂಡಿದ್ದೆವು. ತಂಗಿಯ ಅತ್ತೆ, ಮಾವ, ಮೈದುನ, ಮೈದುನನ ಹೆಂಡತಿ, ನಾಲ್ಕು ಜನ ಬರುವವರಿದ್ದರು. ನಮ್ಮ ಮನೆ ಚಿಕ್ಕದು, ಒಂದು ಕೋಣೆಯಲ್ಲಿ ಬಾಣಂತಿ, ಇನ್ನೊಂದರಲ್ಲಿ ಅಜ್ಜಿ, ಪಡಸಾಲೆ ತುಂಬಾ ಊರಿಂದ ಬಂದ ನೆಂಟರು. ಬೀಗರನ್ನು ಎಲ್ಲಿ ಮಲಗಿಸುವುದು? ಅಪ್ಪ ಮದುವೆ ಮಂಟಪದವರ ರೂಮ್ ಕೇಳೋಣ ಅಂದರು. ಛೇ, ಬೀಗರಿಗೆ ಅದೇನು ಸರಿ ಇರುತ್ತೆ, ಒಳ್ಳೆಯ ಎಸಿ ಹೋಟೆಲ್ ಮಾಡ್ತೀನಿ ಅಂತ ದೊಡ್ಡಸ್ತಿಕೆ ತೋರಿಸಿದ್ದು ನಾನೇ.

ಎಲ್ಲಾ ಊರಲ್ಲೂ ಬೋರ್ಡ್ ಕಾಣುತ್ತದಲ್ಲ, ಅಂಥ ಒಂದು ಸೋವಿ ಚೈನ್ ಹೋಟೆಲ್. ಹೆಸರು ಬರೆಯುವುದಿಲ್ಲ. ಆ್ಯಪ್‌ನಲ್ಲಿ ಫೋಟೋ ನೋಡಿದರೆ ಬಿಳಿ ಹಾಸಿಗೆ, ಅದರ ಮೇಲೆ ಹಂಸದ ಹಾಗೆ ಮಡಚಿಟ್ಟ ಟವೆಲ್. ಒಂದು ರೂಮಿಗೆ 1,149, ತೆರಿಗೆ ಎಲ್ಲಾ ಸೇರಿ, ಬೆಳಗಿನ ತಿಂಡಿ ಫ್ರೀ. ಎರಡು ರೂಮಿಗೆ 2,298 ಮೊದಲೇ ಕಟ್ಟಿದೆ. ಚೆಕ್-ಇನ್ ಮಧ್ಯಾಹ್ನ 12ಕ್ಕೆ ಅಂತಿತ್ತು. ಬೀಗರು ಬರುವುದು ಗೋಲಗುಂಬಜ್ ಎಕ್ಸ್‌ಪ್ರೆಸ್‌ಗೆ, ರಾತ್ರಿ ದಾವಣಗೆರೆಯಲ್ಲಿ ಹತ್ತಿದರೆ ಮುಂಜಾನೆ ಇಲ್ಲಿ ಇಳಿಯುತ್ತಾರೆ. ಅದಕ್ಕೆ ಹಿಂದಿನ ದಿನವೇ ಹೋಟೆಲ್‌ಗೆ ಫೋನ್ ಮಾಡಿ ಕೇಳಿದೆ. "ಬರ್ರಿ ಸರ್ರ, ಏನೂ ತೊಂದ್ರಿ ಇಲ್ಲ, ರೂಮ್ ಖಾಲಿನ ಅದಾವ" ಅಂದ. ಈ ಮಾತನ್ನು ನಾನು ಬರೆಸಿಕೊಳ್ಳಲಿಲ್ಲ. ಒಂದು ವಾಟ್ಸ್ಯಾಪ್ ಮೆಸೇಜ್ ಹಾಕು ಅಂತ ಕೇಳಿದ್ದರೆ ಸಾಕಿತ್ತು.

ಮರುದಿನ ಹೋಟೆಲ್ ಮುಟ್ಟಿದಾಗ ಒಂಬತ್ತು ಹೊಡೆದಿತ್ತು. ರಾತ್ರಿಯಿಡೀ ರೈಲಿನಲ್ಲಿ ಕೂತು ಬಂದವರು, ಅತ್ತೆಯವರಿಗೆ ಮೊಣಕಾಲು ನೋವು ಬೇರೆ. ಹನ್ನೆರಡೂವರೆಗೆ ತೊಟ್ಟಿಲು, ಅಷ್ಟರಲ್ಲಿ ಎಲ್ಲರ ಸ್ನಾನ ಆಗಬೇಕು, ಹೆಣ್ಣುಮಕ್ಕಳು ರೇಷ್ಮೆ ಸೀರೆ ಉಡಬೇಕು. ಕೌಂಟರ್‌ನಲ್ಲಿದ್ದ ಹುಡುಗ ನನ್ನ ಹೆಸರು ನೋಡಿದ, ಕಂಪ್ಯೂಟರ್ ನೋಡಿದ, ಲೊಚಗುಟ್ಟಿದ. "ಸರ್ರ, ಸಿಸ್ಟಮ್ ಹನ್ನೆರಡರ ತನಕ ಓಪನ್ನ ಆಗಂಗಿಲ್ಲ." ನಿನ್ನೆ ಫೋನಲ್ಲಿ ಬರ್ರಿ ಅಂದಿರಲ್ಲ ಅಂದೆ. "ನಿನ್ನೆ ನಾ ಇರ್ಲಿಲ್ರಿ." ಹಾಗಾದರೆ ಯಾರಿದ್ದರು? "ಡ್ಯೂಟಿ ಬದಲ್ ಆಗ್ತೈತಿ ಸರ್ರ." ಅರ್ಲಿ ಚೆಕ್-ಇನ್ ಬೇಕಂದ್ರೆ ರೂಮಿಗೆ 500 ಆಗುತ್ತೆ ಅಂದ. ಆಮೇಲೆ ಸೋಫಾದಲ್ಲಿ ಕೂತಿದ್ದ ಬೀಗರ ಕಡೆ ನೋಡಿ, ಪಾಪ ಅನ್ನುವಂತೆ ಮುಖ ಮಾಡಿ, ದನಿ ತಗ್ಗಿಸಿ ಹೇಳಿದ. "ಹಿರ್ಯಾರು ಅದಾರ. ಒಂದ್ ಕೆಲ್ಸ ಮಾಡ್ರಿ. ಆ್ಯಪ್‌ನಾಗ ಕ್ಯಾನ್ಸಲ್ ಮಾಡ್ರಿ, ನಾ ಡೈರೆಕ್ಟ್ ಎಂಟ್ರಿ ಹಾಕಿ ಈಗಿಂದೀಗ ರೂಮ್ ಕೊಡ್ತೀನಿ. ರೇಟ್ ಅದ. ನಿಮ್ ರೊಕ್ಕ ಏಳ್ ದಿನದಾಗ ಅಕೌಂಟಿಗೆ ವಾಪಸ್."

ಈಗ ಬರೆಯುವಾಗ ನನಗೇ ನಾಚಿಕೆ ಆಗುತ್ತದೆ. ನಾನೇನು ಮೊದಲನೇ ಸಲ ಹೋಟೆಲ್ ನೋಡಿದವನಲ್ಲ. ಆದರೆ ಆ ಗಳಿಗೆಯಲ್ಲಿ ಇವನು ಉಪಕಾರ ಮಾಡ್ತಿದ್ದಾನೆ ಅಂತಲೇ ಅನ್ನಿಸಿತು.

ಮೊಬೈಲ್ ತೆಗೆದು ಕ್ಯಾನ್ಸಲ್ ಒತ್ತಿದೆ. ಯಾಕೆ ರದ್ದು ಮಾಡ್ತಿದ್ದೀರಿ ಅಂತ ಆ್ಯಪ್ ಕೇಳಿತು, ಕೆಳಗೆ ಐದಾರು ಕಾರಣಗಳ ಪಟ್ಟಿ. ನಾನು ಓದುವ ಮೊದಲೇ ಅವನ ಹೆಬ್ಬೆರಳು ನನ್ನ ಸ್ಕ್ರೀನ್ ಮೇಲೆ ಬಂತು. ಹವಳದ ಉಂಗುರ ಹಾಕಿದ ಕೈ, ಅದು ಕೂಡ ನೆನಪಿದೆ. ಆ ಬೆರಳು ಪಟ್ಟಿಯನ್ನು ಸರಕ್ಕಂತ ಮೇಲೆ ತಳ್ಳಿತು. "ಪ್ಲಾನ್ ಚೇಂಜ್ ಆಗೈತಿ ಅಂತೈತಲ್ರಿ, ಅದನ್ನ ಒತ್ರಿ." ಒತ್ತಿದೆ. ಅವನು ತಳ್ಳಿದ ಸಾಲುಗಳಲ್ಲಿ "ಹೋಟೆಲ್‌ನವರು ರೂಮ್ ಕೊಡಲು ನಿರಾಕರಿಸಿದರು" ಅನ್ನುವುದೂ ಇತ್ತು. ರಾತ್ರಿ ಮನೆಯಲ್ಲಿ ಇನ್ನೊಂದು ಡಮ್ಮಿ ಬುಕ್ಕಿಂಗ್ ಮಾಡಿ ಅದೇ ಪಟ್ಟಿ ತೆಗೆದು ನೋಡಿದಾಗ ಕಂಡಿತು. ಅದನ್ನು ಒತ್ತಿದ್ದರೆ ಕಥೆ ಬೇರೆ ಆಗುತ್ತಿತ್ತು. ಅವನಿಗೆ ಅದು ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ಕ್ಯಾನ್ಸಲ್ ಆಯಿತು ಅಂತ ಮೆಸೇಜ್ ಬಂದ ತಕ್ಷಣ ಅವನ ದನಿಯೇ ಬದಲಾಯಿತು. ಪಾಪ ಅನ್ನುವ ಮುಖ ಹೋಯಿತು. ಕ್ಯಾಲ್ಕುಲೇಟರ್ ಕುಟ್ಟಿ, "ಎರಡ್ ರೂಮ್, 1,800 ಪ್ರಕಾರ 3,600, ಜಿಎಸ್‌ಟಿ 12 ಪರ್ಸೆಂಟ್ 432, ಒಟ್ಟ 4,032" ಅಂದ. ರೇಟ್ ಅದೇ ಅಂದೆಯಲ್ಲಪ್ಪಾ? "ಆ್ಯಪ್ ರೇಟ್ ಆ್ಯಪ್‌ನಾಗ ಸರ್ರ. ಇದು ಕೌಂಟರ್ ರೇಟ್. ರೇಟ್ ಅದ ಅಂದ್ರ ನಮ್ ಕೌಂಟರ್ ರೇಟ್ ಅದ ಅಂತ." ನೋಡಿ ಮಾತು ಹೇಗಿದೆ! ಆ್ಯಪ್ ತೆರೆದು ಮತ್ತೆ ಬುಕ್ ಮಾಡಲು ನೋಡಿದೆ, ಆ ದಿನಕ್ಕೆ ರೂಮ್ ಇಲ್ಲ ಅಂತ ತೋರಿಸಿತು. ಅಷ್ಟರಲ್ಲೇ ಅದನ್ನೂ ಮುಚ್ಚಿದ್ದರೋ ಏನೋ. ಹಿಂದೆ ತಿರುಗಿದರೆ ನಾಲ್ಕೂ ಜನ ನನ್ನನ್ನೇ ನೋಡುತ್ತಿದ್ದಾರೆ. ಮಾವನವರು ಜೇಬಿಗೆ ಕೈ ಹಾಕಿದರು. ಅಲ್ಲಿಗೆ ಮುಗಿಯಿತು. ಬೀಗರ ಕೈಯಲ್ಲಿ ರೂಮಿನ ದುಡ್ಡು ಕೊಡಿಸುವುದುಂಟಾ? ಗೋಡೆ ಮೇಲೆ ಅಂಟಿಸಿದ್ದ ಕ್ಯೂಆರ್ ಸ್ಕ್ಯಾನ್ ಮಾಡಿ 4,032 ಕಳಿಸಿಬಿಟ್ಟೆ. ಹೋಟೆಲ್ ಹೆಸರು ಬರಲಿಲ್ಲ, ಯಾರದೋ ಒಬ್ಬ ಮನುಷ್ಯನ ಹೆಸರು ಬಂತು. ಅದನ್ನೂ ಕೇಳಲಿಲ್ಲ ನಾನು.

ಇನ್ನು ರೂಮು. ಲಿಫ್ಟ್ ಬಾಗಿಲಿಗೆ ಪ್ಲಾಸ್ಟಿಕ್ ಕುರ್ಚಿ ಅಡ್ಡ ಇಟ್ಟಿದ್ದರು, ಮೊಣಕಾಲು ನೋವಿನವರು ಎರಡು ಮಹಡಿ ಹತ್ತಿದರು. ಏಪ್ರಿಲ್ ತಿಂಗಳ ನಮ್ಮೂರ ಬಿಸಿಲು ಗೊತ್ತಲ್ಲ, 40ರ ಹತ್ತಿರ. ಎಸಿ ಇದೆ, ರಿಮೋಟ್ ಇಲ್ಲ. ಕೇಳಿದರೆ ರಿಮೋಟ್ ಕೆಳಗಿರುತ್ತೆ, ಬೇಕಾದಾಗ ಫೋನ್ ಮಾಡಿ. ಫೋನ್ ಮಾಡೋಣ ಅಂದರೆ ರೂಮಿನ ಫೋನಿಗೆ ವೈರೇ ಇಲ್ಲ. ಬಿಸಿನೀರು ಏಳೂವರೆಗೇ ಬಂದ್ ಅಂತೆ, ಹಂಡೆ ಕಾಲದಲ್ಲೂ ಇಷ್ಟು ನಿಯಮ ಇರಲಿಲ್ಲ. ಬಚ್ಚಲಲ್ಲಿ ಹಿಡಿಕೆ ಮುರಿದ ಮಗ್ಗು. ಹಂಸ ಅಂತೂ ಎಲ್ಲೂ ಕಾಣಲಿಲ್ಲ.

ಇವೆಲ್ಲ ತಡೆದುಕೊಳ್ಳಬಹುದು. ತಡೆದುಕೊಳ್ಳಲು ಆಗದ್ದು ತಲೆದಿಂಬು. ಮೇಲೆ ನೋಡಲು ಬೆಳ್ಳಗಿತ್ತು, ಆದರೆ ಕವರಿನ ಹೊಲಿಗೆ ಹೊರಗೆ ಕಾಣುತ್ತಿತ್ತು. ಅತ್ತೆಯವರು ಮೆಲ್ಲಗೆ ಅಂಚು ತಿರುಗಿಸಿ ನೋಡಿದರು. ಒಳಗಡೆ ತಲೆಯೆಣ್ಣೆಯ ಹಳದಿ ಕಲೆ, ಅಂಗೈ ಅಗಲ, ಒಂದು ಉದ್ದ ಕೂದಲು. ತೊಳೆದಿರಲಿಲ್ಲ, ಉಲ್ಟಾ ಮಾಡಿ ಹಾಕಿದ್ದರು. ಅವರು ಏನೂ ಅನ್ನಲಿಲ್ಲ. ತಮ್ಮ ಬ್ಯಾಗ್ ತೆರೆದು, ಮಗುವಿಗೆ ಉಡುಗೊರೆ ಕೊಡಲೆಂದು ತಂದಿದ್ದ ಹೊಸ ಟವೆಲ್‌ಗಳಲ್ಲಿ ಒಂದನ್ನು ತೆಗೆದು ದಿಂಬಿನ ಮೇಲೆ ಹಾಸಿದರು. "ಇರ್ಲಿ ಬಿಡಪ್ಪಾ, ಒಂದು ದಿನದ ಮಾತು" ಅಂದರು. ಅವರು ಬೈದಿದ್ದರೆ ಚೆನ್ನಾಗಿತ್ತು.

ಕೆಳಗೆ ಓಡಿ ಬಂದು ಕೇಳಿದರೆ ಹುಡುಗನ ಉತ್ತರ: "ಲಾಂಡ್ರಿಯವ್ರು ಹಂಗ ಕೊಡ್ತಾರ್ರಿ." ತಿಂಡಿ? "ಅದು ಆ್ಯಪ್ ಗಿರಾಕಿಗೆ ಅಷ್ಟ ಸರ್ರ, ನೀವು ಡೈರೆಕ್ಟ್ ಅದೀರಲ್ರಿ." ನನ್ನನ್ನು ಡೈರೆಕ್ಟ್ ಮಾಡಿದವನು ಯಾರು! ಬಿಲ್ ಕೊಡು ಅಂದೆ. ಒಂದು ಬಿಳಿ ಚೀಟಿಯಲ್ಲಿ ಪೆನ್ನಿನಿಂದ ಬರೆದು ಕೊಟ್ಟ, ಹೋಟೆಲ್ ಹೆಸರಿಲ್ಲ, ಸೀಲಿಲ್ಲ, ಜಿಎಸ್‌ಟಿ ನಂಬರ್ ಇಲ್ಲ, ಆದರೆ ಜಿಎಸ್‌ಟಿ 432 ಅಂತ ಮಾತ್ರ ದಪ್ಪಗೆ ಬರೆದಿದ್ದ. ಸಂಜೆ ಮೈದುನ ಆ ಚೀಟಿ ನೋಡಿ ನಕ್ಕುಬಿಟ್ಟ. ಅವನು ದಾವಣಗೆರೆಯಲ್ಲಿ ಅಂಗಡಿಗಳ ಲೆಕ್ಕ ಬರೆಯುವವನು. ದಿನಕ್ಕೆ 7,500ರ ಒಳಗಿನ ರೂಮಿಗೆ ಈಗ 12 ಇಲ್ಲ, 2025ರ ಸೆಪ್ಟೆಂಬರ್ 22ರಿಂದ 5 ಪರ್ಸೆಂಟ್ ಅಷ್ಟೇ ಅಂದ. ಅದೂ ಸರ್ಕಾರಕ್ಕೆ ಹೋದರೆ ತಾನೇ, ನಂಬರ್ ಇಲ್ಲದ ಚೀಟಿಯ ಜಿಎಸ್‌ಟಿ ಯಾರ ಜೇಬಿಗೆ ಅಂತ ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಶೇಂಗಾ ಹೋಳಿಗೆ ಇನ್ನೊಂದು ಹಾಕಿಸಿಕೊಳ್ರಿ ಅಂತ ಮಾತು ತಿರುಗಿಸಿದೆ.

ಈ ಆಟ ಹೇಗೆ ನಡೆಯುತ್ತೆ ಅಂತ ಮೈದುನನೇ ಬಿಡಿಸಿ ಹೇಳಿದ. ಇಂಥ ಹೋಟೆಲ್‌ಗಳಲ್ಲಿ ಎಷ್ಟೋ ಕಟ್ಟಡ ಕಂಪನಿಯದ್ದಲ್ಲ, ಊರಿನ ಯಾರದೋ ಲಾಡ್ಜು. ಕಂಪನಿ ಬೋರ್ಡ್ ಕೊಡುತ್ತೆ, ಗಿರಾಕಿ ಕಳಿಸುತ್ತೆ, ಪ್ರತಿ ಬುಕ್ಕಿಂಗ್ ಮೇಲೆ ಕಮಿಷನ್ ಹಿಡಿಯುತ್ತೆ. ಗಿರಾಕಿ ಬಾಗಿಲಿಗೆ ಬಂದ ಮೇಲೆ ಅವನ ಕೈಯಲ್ಲೇ ಬುಕ್ಕಿಂಗ್ ರದ್ದು ಮಾಡಿಸಿದರೆ ಕಮಿಷನ್ ಉಳಿಯಿತು, ಬಿಲ್ ಬರೆಯದಿದ್ದರೆ ತೆರಿಗೆಯೂ ಉಳಿಯಿತು. ಅದಕ್ಕೇ "ನೀವ ಒತ್ರಿ" ಅನ್ನುವುದು. ಅವರು ರದ್ದು ಮಾಡಿದರೆ ಅವರ ತಪ್ಪು, ನಾವು ಮಾಡಿದರೆ ನಮ್ಮ ಪ್ಲಾನ್ ಚೇಂಜ್.

ಏಳು ದಿನ ಕಾದೆ. ಒಂದು ಪೈಸೆ ಬರಲಿಲ್ಲ. ಆ್ಯಪ್‌ನ ಕಸ್ಟಮರ್ ಕೇರ್‌ಗೆ ಮಾತಾಡಿದರೆ ಮೊದಲು ಹಿಂದಿ, ಕನ್ನಡ ಬೇಕು ಅಂದಿದ್ದಕ್ಕೆ ಇಪ್ಪತ್ತು ನಿಮಿಷ ಸಂಗೀತ. ಆಮೇಲೆ ಒಬ್ಬ ಹೆಣ್ಣುಮಗಳು ಬಂದಳು. "ಸರ್, ಚೆಕ್-ಇನ್ ದಿನ ರದ್ದು ಮಾಡಿದರೆ ರೀಫಂಡ್ ಇರುವುದಿಲ್ಲ." ಹೋಟೆಲ್‌ನವರೇ ಮಾಡಿಸಿದರಮ್ಮ ಅಂದೆ. "ಸರ್, ರದ್ದು ಮಾಡಿರುವುದು ನಿಮ್ಮ ಮೊಬೈಲ್‌ನಿಂದ. ಕಾರಣ ಪ್ಲಾನ್ ಬದಲಾವಣೆ." ನಾವು ಆ ದಿನ ಅದೇ ಹೋಟೆಲ್‌ನಲ್ಲೇ ಇದ್ದೆವು, ಪ್ಲಾನ್ ಎಲ್ಲಿ ಬದಲಾಯಿತು? "ಸರ್, ಹೋಟೆಲ್‌ನವರನ್ನು ವಿಚಾರಿಸಿದ್ದೇವೆ. ನಿಮ್ಮ ಹೆಸರಲ್ಲಿ ಯಾರೂ ಉಳಿದಿಲ್ಲ ಎಂದಿದ್ದಾರೆ." ನಾಲ್ಕು ಜನರ ಆಧಾರ್ ಜೆರಾಕ್ಸ್ ಇಸಿದುಕೊಂಡವರು ಈ ಮಾತು ಹೇಳಿದ್ದಾರೆ! ಗೋಲಗುಂಬಜಿನಲ್ಲಿ ಒಂದು ಮಾತಾಡಿದರೆ ಏಳು ಸಲ ಕೇಳಿಸುತ್ತೆ ಅಂತೀವಲ್ಲ, ಇಲ್ಲಿ ನಾನು ಏಳು ಮಾತಾಡಿದರೂ ವಾಪಸ್ ಬಂದದ್ದು ಒಂದೇ: "ಅನಾನುಕೂಲಕ್ಕೆ ವಿಷಾದಿಸುತ್ತೇವೆ."

ನೀವು ಮಾಡಬೇಕಾದದ್ದು ಇಷ್ಟೇ. ರೂಮ್ ಕೊಡಲ್ಲ ಅಂದರೆ ಕೌಂಟರ್ ಮುಂದೆ ನಿಂತುಕೊಂಡೇ ಆ್ಯಪ್‌ನವರಿಗೆ ಫೋನ್ ಮಾಡಿ, ಅವನ ಎದುರಿಗೇ. ಕ್ಯಾನ್ಸಲ್ ಮಾಡುವುದಿದ್ದರೆ ಹೋಟೆಲ್‌ನವರೇ ಮಾಡಲಿ. ಮೊಬೈಲ್ ಅವನ ಕೈಗೆಟಕುವ ಹಾಗೆ ಹಿಡಿಯಬೇಡಿ, ಇದು ತಮಾಷೆಗೆ ಹೇಳ್ತಿಲ್ಲ. ಮುಂಜಾನೆ ರೈಲಿಗೆ ಬರುವವರಿದ್ದರೆ ಸೋವಿ ರೇಟು ನೋಡಬೇಡಿ, ಒಂದು ದಿನ ಮುಂಚೆ ನೀವೇ ಹೋಗಿ ರೂಮು ನೋಡಿ, ದಿಂಬು ತಿರುಗಿಸಿ ನೋಡಿ. ಜಿಎಸ್‌ಟಿ ನಂಬರ್ ಇರುವ ಬಿಲ್ ಕೊಡದೆ ದುಡ್ಡು ಬಿಚ್ಚಬೇಡಿ. ಮೋಸ ಆಗಿಹೋದರೆ 1915ಕ್ಕೆ ಫೋನ್ ಮಾಡಿ, ಗ್ರಾಹಕರ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ನಾನು ಮಾಡಿದ್ದೇನೆ, ದೂರಿನ ನಂಬರ್ ಬಂದಿದೆ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ, 5 ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕ ಇಲ್ಲ. 6,330ಕ್ಕೆ ಯಾರಪ್ಪ ಅಲೆದಾಡ್ತಾರೆ ಅಂತ ಅಪ್ಪ ಬೈತಾರೆ. ನನಗೆ ಆ ದಿಂಬಿನ ಕವರ್ ಕಣ್ಣಿಗೆ ಬಂದಾಗೆಲ್ಲಾ ಅಲೆದಾಡಬೇಕು ಅನ್ನಿಸುತ್ತೆ.

ಮೊನ್ನೆ ಮ್ಯಾಪ್‌ನಲ್ಲಿ ಒಂದು ಸ್ಟಾರ್ ಕೊಟ್ಟು ಫೋಟೋ ಸಮೇತ ನಾಲ್ಕು ಸಾಲು ಬರೆದೆ. ಅರ್ಧ ತಾಸಿನಲ್ಲಿ ಫೋನ್. ಅದೇ ದನಿ, ಅದೇ ಪಾಪ ಅನ್ನುವ ದನಿ. "ಸರ್ರ, ಅದನ್ನ ತೆಗೀರಿ ಸರ್ರ, ಮಾಲಕ್ರು ನನಗ ಬೈಯಾಕತ್ಯಾರ. ನಾ 500 ಹಾಕ್ತೀನಿ ನಿಮಗ." ನಮ್ಮ ಹೆಸರಲ್ಲಿ ಯಾರೂ ಉಳಿದೇ ಇಲ್ಲ ಅಂದಿರಂತಲ್ಲಪ್ಪಾ, ಮತ್ತೆ ನನ್ನ ನಂಬರ್ ಹೇಗೆ ಸಿಕ್ಕಿತು ಅಂದೆ. ಎರಡು ಗಳಿಗೆ ಸುಮ್ಮನಿದ್ದ. ಆಮೇಲೆ ಇಟ್ಟುಬಿಟ್ಟ.