ಮಂಗಳೂರಿನ ಸಾಫ್ಟ್‌ಬಾಲ್ ಅಂಪೈರಿಂಗ್ ಶಿಬಿರ: ಪಾಠ ಭರ್ಜರಿ, ವ್ಯವಸ್ಥೆ ಅಷ್ಟಕ್ಕಷ್ಟೆ

ಫೀಸು 800 ರೂಪಾಯಿ, ಎರಡು ದಿನ, ಮಂಗಳೂರಿನ ಒಂದು ಕಾಲೇಜು ಮೈದಾನ. ಉಡುಪಿಯಿಂದ ಆರೂವರೆ ಬಸ್ಸಿಗೆ ಹೊರಟು ಎಂಟಕ್ಕೆಲ್ಲ ಹೋಗಿ ನಿಂತರೆ, ಶುರುವಾದದ್ದು ಒಂಬತ್ತೂವರೆಗೆ. ಅಲ್ಲಿಗೇ ಅರ್ಧ ಸ್ಟಾರ್ ಕಟ್.

ನನಗೆ ಈ ಶಿಬಿರ ಯಾಕೆ ಬೇಕಾಯಿತು ಹೇಳ್ತೇನೆ. ನಮ್ಮ ಶಾಲೆ ಮಕ್ಕಳ ಸಾಫ್ಟ್‌ಬಾಲ್ (ಬೇಸ್‌ಬಾಲ್ ಥರದ ಆಟ) ಮ್ಯಾಚಿಗೆ ಅಂಪೈರ್ ಸಿಗದೆ ನಾನೇ ನಿಂತಿದ್ದೆ, ನನ್ನದೋ ಕ್ರಿಕೆಟ್ ಕೈ. ಔಟ್ ಕೊಡಲು ಬೆರಳು ಎತ್ತಿದೆ. ಇಲ್ಲಿ ಬಲಗೈ ಮುಷ್ಟಿ ತೋರಿಸಬೇಕು. ಫೌಲ್, ಅಂದರೆ ಹೊಡೆದ ಚೆಂಡು ಗೆರೆ ಆಚೆ ಹೋಯಿತು ಅಂತ ಎರಡೂ ಕೈ ಮೇಲೆತ್ತಿದರೆ ಕಾಂಪೌಂಡ್ ಮೇಲೆ ಕೂತ ಹುಡುಗರು "ಸಿಕ್ಸ್" ಅಂತ ಕುಣಿದರು. ಸೇಫ್, ಅಂದರೆ ಓಡಿದವರು ಔಟ್ ಅಲ್ಲ ಅಂತ ಎರಡೂ ಕೈ ಅಗಲಿಸಿದರೆ ವೈಡ್ ಅಂದುಕೊಂಡರು!

ಶಿಬಿರದಲ್ಲಿ ಮೊದಲ ಒಂದು ಗಂಟೆ ಯಾರೂ ಬಾಯಿ ಬಿಡುವ ಹಾಗಿರಲಿಲ್ಲ. ಅರ್ಧ ಜನ ಮೈದಾನದ ಆಚೆ ತುದಿಯಲ್ಲಿ, ಅರ್ಧ ಜನ ಬ್ಯಾಟ್ ಮಾಡುವ ಜಾಗದ ಪ್ಲೇಟ್ ಹತ್ತಿರ, ಪಕ್ಕದ ರಸ್ತೆಯಲ್ಲಿ ಸಿಟಿ ಬಸ್ಸುಗಳ ಹಾರ್ನ್. ಬರೀ ಕೈ ನೋಡಿ ತೀರ್ಪು ಏನು ಅಂತ ಹೇಳಬೇಕು. ಕಂಡಕ್ಟರ್ ಡಬಲ್ ವಿಸಿಲ್ ಹೊಡೆದರೆ ಡ್ರೈವರ್ ಹಿಂದೆ ತಿರುಗಿ ನೋಡುವುದಿಲ್ಲ ಅಲ್ವಾ, ಅಷ್ಟು ಸ್ಪಷ್ಟ ಇರಬೇಕು. ಫೇರ್ ಬಾಲ್‌ಗೆ, ಅಂದರೆ ಚೆಂಡು ಗೆರೆ ಒಳಗೇ ಇದ್ದರೆ, ಕೂಗುವುದೇ ಇಲ್ಲ, ಸುಮ್ನೆ ಮೈದಾನದ ಒಳಗೆ ಕೈ ತೋರಿಸುವುದು. ಯಾಕೆಂದರೆ ದೂರದಿಂದ ಫೇರ್, ಫೌಲ್ ಎರಡೂ ಒಂದೇ ಥರ ಕೇಳುತ್ತದೆ. ಇದು ನನಗೆ ಹೊಳೆದೇ ಇರಲಿಲ್ಲ.

ಜಾಸ್ತಿ ಹೊತ್ತು ಹೋದದ್ದು ಫಸ್ಟ್ ಬೇಸ್ (ಹೊಡೆದವರು ಓಡಿ ಮುಟ್ಟಬೇಕಾದ ಮೊದಲ ಗುರುತು) ಮೇಲೆ. ಕಣ್ಣು ಬೇಸ್ ತುಳಿಯುವ ಕಾಲಿನ ಮೇಲೆ, ಕಿವಿ ಚೆಂಡು ಗ್ಲೌಸಿಗೆ ಬೀಳುವ ಸದ್ದಿನ ಕಡೆ. ಕಾಲಿಗಿಂತ ಸದ್ದು ಮೊದಲು ಬಂತು, ನಾನು ಜೋರಾಗಿ "ಔಟ್" ಅಂದೆ, ಅಷ್ಟರಲ್ಲಿ ಚೆಂಡು ಗ್ಲೌಸಿನಿಂದ ಜಾರಿ ಕೆಂಪು ಮಣ್ಣಿನಲ್ಲಿ ಉರುಳುತ್ತಿತ್ತು, ನನ್ನ ಮುಷ್ಟಿ ಇನ್ನೂ ಗಾಳಿಯಲ್ಲಿ! ಕಲಿಸುವವರು ಬೈಯಲಿಲ್ಲ. "ಚೆಂಡು ಕೈಯಲ್ಲಿ ಉಂಟಾ ನೋಡಿ, ಮತ್ತೆ ಕೈ ಎತ್ತಿ" ಅಂದರು ಅಷ್ಟೆ. ಆ ಒಂದು ಉಸಿರಿನಷ್ಟು ಕಾಯುವುದನ್ನೇ ಇಪ್ಪತ್ತು ಸಲ ಮಾಡಿಸಿದರು.

ಕೌಂಟ್, ಅಂದರೆ ಬ್ಯಾಟರ್‌ಗೆ ಬಂದ ಎಸೆತಗಳ ಲೆಕ್ಕ ತೋರಿಸುವಾಗ ಎಡಗೈಯಲ್ಲಿ ಬಾಲ್ (ಹೊಡೆಯದೆ ಬಿಟ್ಟ ಕೆಟ್ಟ ಎಸೆತ), ಬಲಗೈಯಲ್ಲಿ ಸ್ಟ್ರೈಕ್ (ಬಿಟ್ಟ ಒಳ್ಳೆ ಎಸೆತ, ಇಲ್ಲವೇ ಬೀಸಿ ತಪ್ಪಿದ್ದು). ಎದುರಿನಿಂದ ಚೆಂಡು ಎಸೆಯುವ ಪಿಚರ್‌ಗೆ ಇದು ಉಲ್ಟಾ ಕಾಣುವುದಿಲ್ಲವಾ ಅಂತ ಒಬ್ಬಳು ಹುಡುಗಿ ಕೇಳಿದಳು, ಒಳ್ಳೆ ಪ್ರಶ್ನೆ. ಅದಕ್ಕೇ ಬಾಯಲ್ಲೂ ಹೇಳುವುದು, ಯಾವಾಗಲೂ ಬಾಲ್ ಮೊದಲು.

1888ರಲ್ಲಿ ಅಮೆರಿಕದ ಬೇಸ್‌ಬಾಲ್ ಮೇಜರ್ ಲೀಗ್‌ಗೆ ಬಂದ ಕಿವುಡ ಆಟಗಾರ ವಿಲಿಯಂ ಹೋಯ್‌ಗಾಗಿಯೇ ಈ ಕೈಸನ್ನೆಗಳು ಹುಟ್ಟಿದವು ಅಂತಲೂ ಹೇಳಿದರು. ಕಥೆ ಚೆನ್ನಾಗಿದೆ, ಆದರೆ ಬೇಸ್‌ಬಾಲ್ ಇತಿಹಾಸ ಬರೆಯುವವರಲ್ಲೇ ಅದಕ್ಕೆ ತಕರಾರು ಉಂಟು. ಅದನ್ನೂ ಒಂದು ಮಾತು ಹೇಳಬಹುದಿತ್ತು.

ಬೇಜಾರಿನ ಸಂಗತಿ: ಇಪ್ಪತ್ತನಾಲ್ಕು ಜನಕ್ಕೆ ಒಂದೇ ಮಾಸ್ಕ್, ಮತ್ತೊಬ್ಬರ ಬೆವರು ನಮ್ಮ ಮುಖಕ್ಕೆ. ಪುಸ್ತಕ ಬರೀ ಇಂಗ್ಲಿಷಿನಲ್ಲಿ. ಊಟದ ಸಾರು ನೀರು. ಆದರೂ ಐದಕ್ಕೆ ನಾಲ್ಕು ಕೊಡ್ತೇನೆ.

ಮುಂದಿನ ಬ್ಯಾಚ್ ಮಳೆ ಮುಗಿದ ಮೇಲಂತೆ. ಹೋಗುವವರು ಟೊಪ್ಪಿ, ನೀರು, ಕೌಂಟ್ ಲೆಕ್ಕ ಇಡುವ ಕ್ಲಿಕ್ಕರ್ ತಗೊಂಡು ಹೋಗಿ. ಕ್ಲಿಕ್ಕರ್ ಎಡಗೈಯಲ್ಲೇ ಇರಲಿ. ನಾನು ಬಲಗೈಯಲ್ಲಿ ಹಿಡಿದು ಔಟ್ ಕೊಟ್ಟ ರಭಸಕ್ಕೆ ಅದು ಹಾರಿ ಕ್ಯಾಚರ್ ಮಂಡಿಗೆ ಬಡಿಯಿತು.