ಆಫೀಸಿನ ಸಾಕೆಟ್‌ನಲ್ಲಿ ಕಾರು ಚಾರ್ಜ್ ಮಾಡುವವರು ಅರ್ಥಿಂಗ್ ಪಿನ್ ಒಳಗೆ ಏನಿದೆ ಅಂತ ತೆಗೆಸಿ ನೋಡಿ

ನಿಮ್ಮ ಎಲೆಕ್ಟ್ರಿಕ್ ಕಾರನ್ನು ಕೆಲಸದ ಜಾಗದಲ್ಲಿ ಮಾಮೂಲಿ ಮೂರು ಪಿನ್ ಸಾಕೆಟ್‌ಗೆ ಹಾಕಿ ಚಾರ್ಜ್ ಮಾಡುತ್ತಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ಮೊದಲು ಚಾರ್ಜರ್‌ನಲ್ಲಿ ಕೆಂಪು ದೀಪ ಬರುತ್ತಿತ್ತು, ಎಲೆಕ್ಟ್ರಿಷಿಯನ್ ಬಂದು ಏನೋ ಮಾಡಿದ ಮೇಲೆ ಹಸಿರು ಬಂತು ಅನ್ನುವವರಂತೂ ಇವತ್ತೇ ಓದಿ. ನಮ್ಮ ಫ್ಯಾಕ್ಟರಿಯಲ್ಲಿ ಹಾಗೆ ರಿಪೇರಿಯಾದ ಸಾಕೆಟ್‌ನಿಂದ ನನ್ನ ಕಾರಿನ ಮೈಯೆಲ್ಲ ಕರೆಂಟ್ ಹರಿದು, ಸೆಕ್ಯುರಿಟಿಯವರೊಬ್ಬರ ಜೀವ ಹೋಗುವುದರಲ್ಲಿತ್ತು.

ನಾನಿರುವುದು ತುಮಕೂರಿನಲ್ಲಿ, ಕೆಲಸ ಪೀಣ್ಯದಲ್ಲಿ. ಹೋಗಲು ಸುಮಾರು 60 ಕಿಲೋಮೀಟರ್, ಬರಲು ಅಷ್ಟೇ. ಬಾಡಿಗೆ ಮನೆ, ಎರಡನೇ ಮಹಡಿ, ಕಾರು ನಿಲ್ಲುವುದು ರಸ್ತೆ ಬದಿಯಲ್ಲಿ. ಅಲ್ಲಿಗೆ ಲೈನ್ ಎಳೆಯಲು ಮನೆ ಮಾಲೀಕರು ಒಪ್ಪಲಿಲ್ಲ. ಫ್ಯಾಕ್ಟರಿಯಲ್ಲೇ ಚಾರ್ಜ್ ಮಾಡಿಕೊಳ್ಳಿ ಅಂತ ಮ್ಯಾನೇಜ್‌ಮೆಂಟ್ ಹೇಳಿದ ಮೇಲೆಯೇ ನಾನು ಕಾರು ಬುಕ್ ಮಾಡಿದ್ದು. ಲೆಕ್ಕವೂ ಸರಿಯಾಗಿ ಕೂಡುತ್ತಿತ್ತು. ಬ್ಯಾಟರಿ 30 ಯೂನಿಟ್‌ನದು. ಹೈವೇಯಲ್ಲಿ ಎಸಿ ಹಾಕಿಕೊಂಡು ಹೋದರೆ ಯೂನಿಟ್‌ಗೆ ಆರೇಳು ಕಿಲೋಮೀಟರ್ ಬರುತ್ತದೆ. ಅಂದರೆ ಹೋಗಿ ಬರಲು 18ರಿಂದ 20 ಯೂನಿಟ್ ಸಾಕು. ಕಾರಿನ ಜೊತೆ ಕೊಡುವ ಪೋರ್ಟಬಲ್ ಚಾರ್ಜರ್ 16 ಆಂಪಿಯರ್ ಸಾಕೆಟ್‌ನಿಂದ ಗಂಟೆಗೆ ಸುಮಾರು 3 ಯೂನಿಟ್ ತುಂಬುತ್ತದೆ. ಒಂದು ಶಿಫ್ಟ್ ಮುಗಿಯುವಷ್ಟರಲ್ಲಿ ಆ ದಿನಕ್ಕೆ ಬೇಕಾದದ್ದು ತುಂಬಿಬಿಡುತ್ತಿತ್ತು. ಸಬ್‌ಮೀಟರ್ ಹಾಕಿಸಿ, ಓಡಿದ ಯೂನಿಟ್‌ನ ದುಡ್ಡನ್ನು ಸಂಬಳದಲ್ಲಿ ಹಿಡಿದುಕೊಳ್ಳುತ್ತಿದ್ದರು. ಯಾರಿಗೂ ತಕರಾರಿರಲಿಲ್ಲ.

ಸಾಕೆಟ್ ಇದ್ದದ್ದು ಗೇಟಿನ ಪಕ್ಕದ ಶೆಡ್ಡಿನ ಗೋಡೆಯಲ್ಲಿ. ಹಿಂದೆ ಅಲ್ಲೊಂದು ಡ್ರಿಲ್ಲಿಂಗ್ ಮಷೀನ್ ಇತ್ತಂತೆ. ಅದೇ ಲೈನಿನಲ್ಲಿ ಸೆಕ್ಯುರಿಟಿ ರೂಮಿನ ಫ್ಯಾನು, ಟ್ಯೂಬ್‌ಲೈಟು ಕೂಡ ಇದ್ದವು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಶುರುವಿನಲ್ಲಿ ಕರೆಂಟ್ ಹೋಗಿ ಜನರೇಟರ್ ಬಂದಾಗ ಮಾತ್ರ ಚಾರ್ಜರ್ ಕೆಂಪು ದೀಪ ತೋರಿಸಿ ನಿಂತುಬಿಡುತ್ತಿತ್ತು. ಇದು ಎಷ್ಟೋ ಕಡೆ ಆಗುತ್ತದೆ. ಜನರೇಟರ್‌ನ ನ್ಯೂಟ್ರಲ್ಲನ್ನು (ಕರೆಂಟ್ ವಾಪಸ್ ಹೋಗುವ ವೈರನ್ನು) ಭೂಮಿಗೆ ಸೇರಿಸದೆ ಬಿಟ್ಟಿದ್ದರೆ ಚಾರ್ಜರ್‌ಗೆ ಅರ್ಥಿಂಗ್, ಅಂದರೆ ಭೂಮಿಯ ಸಂಪರ್ಕ, ಸಿಗುವುದಿಲ್ಲ. ಡೀಸೆಲ್ ಸುಟ್ಟು ಕಾರು ಚಾರ್ಜ್ ಮಾಡುವುದರಲ್ಲಿ ಅರ್ಥವೂ ಇಲ್ಲ, ಹಾಗಾಗಿ ಅದನ್ನು ಯಾರೂ ತಲೆಗೆ ಹಚ್ಚಿಕೊಳ್ಳಲಿಲ್ಲ. ಆದರೆ ಬೇಸಿಗೆ ಬಂದ ಮೇಲೆ ಬೆಸ್ಕಾಂ ಕರೆಂಟ್ ಇದ್ದಾಗಲೂ ಕೆಂಪು ದೀಪ ಬರತೊಡಗಿತು. ಹೊರಗಿನ ಕಾಂಟ್ರಾಕ್ಟ್‌ನಲ್ಲಿ ಬರುವ ಎಲೆಕ್ಟ್ರಿಷಿಯನ್‌ಗೆ ಅಡ್ಮಿನ್‌ನವರು ಹೇಳಿದರು. ಆತ ಮಧ್ಯಾಹ್ನ ಬಂದು, ಹತ್ತು ನಿಮಿಷದಲ್ಲಿ ಕೆಲಸ ಮುಗಿಸಿ, "ಅರ್ಥಿಂಗ್ ಕೊಟ್ಟಿದೀನಿ ಸಾರ್, ಇನ್ನು ತೊಂದರೆ ಇಲ್ಲ" ಅಂದ. ಹಸಿರು ದೀಪ ಬಂತು. ಜನರೇಟರ್ ಮೇಲೂ ಚಾರ್ಜ್ ಆಗತೊಡಗಿತು. ತಿಂಗಳುಗಟ್ಟಲೆ ಒಂದು ತೊಂದರೆಯೂ ಕಾಣಲಿಲ್ಲ.

ಆಮೇಲೆ ಮಳೆಗಾಲ. ಬೆಳಗ್ಗೆಯಿಂದ ಸುರಿದು ಶೆಡ್ಡಿನ ನೆಲವೆಲ್ಲ ಒದ್ದೆಯಾಗಿತ್ತು. ಸೆಕ್ಯುರಿಟಿ ರೂಮಿನ ಫ್ಯಾನು ಇದ್ದಕ್ಕಿದ್ದಂತೆ ನಿಂತಿತು. ಏನಾಯಿತು ಅಂತ ಹೊರಗೆ ಬಂದ ಸೆಕ್ಯುರಿಟಿಯಣ್ಣನಿಗೆ ನನ್ನ ಚಾರ್ಜರ್ ಡಬ್ಬ ಮೊಳೆಯಿಂದ ಜಾರಿ ನೀರಿನಲ್ಲಿ ಬಿದ್ದಿರುವುದು ಕಂಡಿತು. ಹಾಳಾಗುತ್ತದಲ್ಲ ಅಂತ ಎತ್ತಿಡಲು ಬಗ್ಗಿದವರು ಒಂದು ಕೈಯನ್ನು ಕಾರಿನ ಚಕ್ರದ ಮೇಲೆ ಊರಿದರು. ಅಷ್ಟೇ. ಹಿಂದಕ್ಕೆ ಎಸೆದ ಹಾಗೆ ಬಿದ್ದರು. ಬಿದ್ದ ರಭಸಕ್ಕೆ ಕೈ ಬಿಡಿಸಿಕೊಂಡಿತು, ಅದೇ ಪುಣ್ಯ. ಅಂಗೈ ಸುಟ್ಟಿತ್ತು, ಮಾತು ಹೊರಡುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಇಸಿಜಿ ಮಾಡಿ, ರಾತ್ರಿಯಿಡೀ ಇಟ್ಟುಕೊಂಡು ನೋಡಿ ಕಳಿಸಿದರು. ಈಗ ಕೆಲಸಕ್ಕೆ ಬರುತ್ತಿದ್ದಾರೆ. ಆ ಕೈಯ ಬೆರಳುಗಳಲ್ಲಿ ಜೋಮು ಇನ್ನೂ ಹೋಗಿಲ್ಲ ಅನ್ನುತ್ತಾರೆ.

ಅವರನ್ನು ಆಸ್ಪತ್ರೆಗೆ ಕರೆದೊಯ್ಯಲು ಬೇರೊಂದು ಕಾರಿಗೆ ಹತ್ತಿಸುವಾಗಲೇ ಯಾರೋ ಓಡಿಹೋಗಿ ಸಾಕೆಟ್‌ನ ಸ್ವಿಚ್ ಆಫ್ ಮಾಡಿದ್ದರು. ಮೇಂಟೆನೆನ್ಸ್‌ನವರು ಚಕ್ರದ ನಟ್ಟಿಗೆ ಟೆಸ್ಟರ್ ಇಟ್ಟು ನೋಡಿದರೆ ದೀಪ ಇನ್ನೂ ಉರಿಯುತ್ತಿತ್ತು. ಸ್ವಿಚ್ ಆಫ್, ಆದರೂ ಕಾರಿನಲ್ಲಿ ಕರೆಂಟ್. ಶೆಡ್ಡಿನ ಮೇನ್ ಎಳೆದ ಮೇಲೆಯೇ ಅದು ನಿಂತದ್ದು.

ಮರುದಿನ ಲೈಸೆನ್ಸ್ ಇರುವ ಬೇರೆ ಕಾಂಟ್ರಾಕ್ಟರ್ ಬಂದು ಸಾಕೆಟ್ ಬಿಚ್ಚಿದರು. ಒಳಗೆ ನ್ಯೂಟ್ರಲ್ ಪಿನ್ನಿಗೂ ಅರ್ಥಿಂಗ್ ಪಿನ್ನಿಗೂ ನಡುವೆ ಬೆರಳುದ್ದದ ಒಂದು ವೈರಿನ ತುಂಡು. ನಿಜವಾದ ಅರ್ಥಿಂಗ್ ಇರಲೇ ಇಲ್ಲ. ಅರ್ಥಿಂಗ್ ಗುಂಡಿಯ ಪೈಪಿಗೆ ಹೋಗುವ ತಂತಿ ತುಕ್ಕು ಹಿಡಿದು ಎಂದೋ ತುಂಡಾಗಿತ್ತು. ಗುಂಡಿಗೆ ನೀರು ಕೂಡ ಹಾಕಿರಲಿಲ್ಲ. ಡಿಬಿ ಬಾಕ್ಸ್‌ನಲ್ಲಿ (ಎಲ್ಲ ಲೈನ್‌ಗಳ ಬ್ರೇಕರ್ ಇರುವ ಡಬ್ಬದಲ್ಲಿ) ಈ ಲೈನಿನ ನ್ಯೂಟ್ರಲ್ ಸ್ಕ್ರೂ ಸಡಿಲವಾಗಿ, ಕಪ್ಪಗೆ ಸುಟ್ಟು, ವೈರು ಬಿಟ್ಟುಕೊಂಡಿತ್ತು. ಹಳೇ ಜಾಯಿಂಟಿನ ಮೇಲೆ ದಿನಾ ಆರೇಳು ಗಂಟೆ ಒಂದೇ ಸಮನೆ 12–13 ಆಂಪಿಯರ್ ಎಳೆದರೆ ಹಾಗೇ ಆಗುವುದು. ಡ್ರಿಲ್ಲಿಂಗ್ ಮಷೀನ್ ಐದು ನಿಮಿಷ ಓಡಿ ನಿಲ್ಲುತ್ತದೆ, ಕಾರು ನಿಲ್ಲುವುದಿಲ್ಲ.

ಚಾರ್ಜರ್ ಏಕೆ ಅರ್ಥಿಂಗ್ ಕೇಳುತ್ತದೆ ಅಂತ ಮೊದಲು ಹೇಳುತ್ತೇನೆ. ಚಾರ್ಜಿಂಗ್ ಕೇಬಲ್‌ನ ಅರ್ಥ್ ವೈರು ಕಾರಿನ ಲೋಹದ ಮೈಗೆ ಸೇರಿರುತ್ತದೆ. ಎಲ್ಲಾದರೂ ಕರೆಂಟ್ ಸೋರಿದರೆ ಅದು ಆ ವೈರಿನಲ್ಲಿ ಭೂಮಿಗೆ ಹೋಗಬೇಕು, ಬ್ರೇಕರ್ ಬೀಳಬೇಕು. ಕಾರು ನಿಂತಿರುವುದು ರಬ್ಬರ್ ಟೈರಿನ ಮೇಲೆ. ಅರ್ಥ್ ವೈರು ಇಲ್ಲದಿದ್ದರೆ ಸೋರಿದ ಕರೆಂಟಿಗೆ ಹೋಗಲು ದಾರಿಯೇ ಇಲ್ಲ, ಮುಟ್ಟಿದ ಮನುಷ್ಯನೇ ದಾರಿ. ಅದಕ್ಕೇ ಚಾರ್ಜರ್ ಕಾರಿಗೆ ಕರೆಂಟ್ ಬಿಡುವ ಮೊದಲು ಅರ್ಥಿಂಗ್ ಇದೆಯಾ ಅಂತ ನೋಡುತ್ತದೆ.

ನ್ಯೂಟ್ರಲ್ಲನ್ನೇ ಅರ್ಥಿಂಗ್ ಪಿನ್ನಿಗೆ ಸೇರಿಸಿಬಿಟ್ಟರೆ ಚಾರ್ಜರ್ ಮೋಸ ಹೋಗುತ್ತದೆ, ಹಸಿರು ದೀಪ ತೋರಿಸುತ್ತದೆ. ಈಗ ಕಾರಿನ ಮೈ ನೇರವಾಗಿ ನ್ಯೂಟ್ರಲ್‌ಗೆ ಸೇರಿದೆ. ನ್ಯೂಟ್ರಲ್ ಗಟ್ಟಿಯಾಗಿ ಇರುವ ತನಕ ಏನೂ ಆಗುವುದಿಲ್ಲ. ಟೆಸ್ಟರ್ ಇಟ್ಟರೂ ದೀಪ ಉರಿಯುವುದಿಲ್ಲ. ಆದರೆ ಹಿಂದೆ ಎಲ್ಲೋ ನ್ಯೂಟ್ರಲ್ ಕಡಿದುಹೋಯಿತು ಅಂದುಕೊಳ್ಳಿ. ಫೇಸ್‌ನಲ್ಲಿ ಬಂದ ಕರೆಂಟ್ ಫ್ಯಾನು, ಲೈಟಿನ ಮೂಲಕ ನ್ಯೂಟ್ರಲ್ ವೈರಿಗೆ ಇಳಿಯುತ್ತದೆ. ಅಲ್ಲಿಂದ ವಾಪಸ್ ಹೋಗಲು ದಾರಿ ಇಲ್ಲ. ಆ ವೈರಿನ ತುಂಡು ದಾಟಿ ಅರ್ಥ್ ಪಿನ್ನಿಗೆ, ಅಲ್ಲಿಂದ ಕಾರಿನ ಮೈಗೆ ಬರುತ್ತದೆ. ಫ್ಯಾನು ನಿಂತದ್ದು ಇದಕ್ಕೇ, ಸಾಕೆಟ್‌ನ ಸ್ವಿಚ್ ಆಫ್ ಮಾಡಿದರೂ ಕಾರಿನಲ್ಲಿ ಕರೆಂಟ್ ಉಳಿದದ್ದೂ ಇದಕ್ಕೇ. ಸ್ವಿಚ್ ಕಡಿಯುವುದು ಫೇಸ್ ಒಂದನ್ನು. ಇಲ್ಲಿ ಕರೆಂಟ್ ಬಂದದ್ದು ನ್ಯೂಟ್ರಲ್ ಕಡೆಯಿಂದ.

ಚಾರ್ಜರ್ ಡಬ್ಬದೊಳಗೆ ಸೋರಿಕೆ ಹಿಡಿಯುವ ವ್ಯವಸ್ಥೆ ಇರುತ್ತದೆ ನಿಜ. ಈ ಕರೆಂಟ್ ಅದರ ಫೇಸ್, ನ್ಯೂಟ್ರಲ್ ಎರಡನ್ನೂ ಬಳಸದೆ ಅರ್ಥ್ ವೈರಿನಲ್ಲಿ ಬರುವುದರಿಂದ ಅದಕ್ಕೆ ಗೊತ್ತೇ ಆಗುವುದಿಲ್ಲ. ಎಂಸಿಬಿ (ಲೋಡ್ ಜಾಸ್ತಿಯಾದರೆ ಬೀಳುವ ಮಾಮೂಲಿ ಬ್ರೇಕರ್) ಕೂಡ ಬೀಳುವುದಿಲ್ಲ. ಅದು ವೈರನ್ನು ಕಾಯಲು ಇರುವುದು, ಮನುಷ್ಯರನ್ನಲ್ಲ. ಡಿಬಿಯಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಸೋರಿಕೆ ಕಂಡರೆ ಬೀಳುವ ಬ್ರೇಕರ್) ಇದ್ದಿದ್ದರೆ ಅದು ಬಿದ್ದು ಸೆಕ್ಯುರಿಟಿಯಣ್ಣನಿಗೆ ಇಷ್ಟು ಪೆಟ್ಟಾಗುತ್ತಿರಲಿಲ್ಲ. ನಮ್ಮ ಶೆಡ್ಡಿನ ಡಿಬಿಯಲ್ಲಿ ಅದಿರಲಿಲ್ಲ.

ಈ ಕೆಲಸ ಒಬ್ಬ ಎಲೆಕ್ಟ್ರಿಷಿಯನ್‌ನದ್ದು ಅಂತ ಸುಮ್ಮನಾಗಬೇಡಿ. ವಿಚಾರಿಸುತ್ತಾ ಹೋದಂತೆ ಇದು ಎಷ್ಟು ಕಡೆ ಇದೆ ಅಂತ ಗೊತ್ತಾಗಿ ಹೆದರಿಕೆಯಾಯಿತು. ಇದನ್ನೇ ಪ್ಲಗ್ಗಿನ ಒಳಗೆ ಮಾಡಿ "ಅರ್ಥಿಂಗ್ ಬೈಪಾಸ್" ಅಡಾಪ್ಟರ್ ಅಂತ ಆನ್‌ಲೈನ್‌ನಲ್ಲಿ ಮಾರುತ್ತಾರೆ. ಊರಿಗೆ ಹೋದಾಗ ಹಳೇ ಮನೆಯಲ್ಲಿ ಅರ್ಥಿಂಗ್ ಇರುವುದಿಲ್ಲ ಅಂತ ಅದನ್ನು ಡಿಕ್ಕಿಯಲ್ಲೇ ಇಟ್ಟುಕೊಂಡು ಓಡಾಡುವವರಿದ್ದಾರೆ. ಅಂಗಳದಲ್ಲಿ ನಿಲ್ಲಿಸಿದ ಕಾರಿನ ಸುತ್ತ ಮಕ್ಕಳು ಬರಿಗಾಲಲ್ಲಿ ಆಡುತ್ತಿರುತ್ತಾರೆ. ಹಳ್ಳಿ ಕಡೆ ಗಾಳಿಮಳೆಗೆ ಕಂಬದ ನ್ಯೂಟ್ರಲ್ ತಂತಿ ಕಡಿಯುವುದು ಅಪರೂಪವೇನಲ್ಲ. ಇದರಿಂದ ಏನಾಗಬಹುದು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ವಿಷಯ ಮುಖ್ಯ. ಮೂರು ದೀಪದ ಸಾಕೆಟ್ ಟೆಸ್ಟರ್ ಸಿಗುತ್ತದಲ್ಲ, ಅದನ್ನು ಚುಚ್ಚಿ "ಎಲ್ಲ ಸರಿ ಇದೆ" ಅಂದುಕೊಳ್ಳಬೇಡಿ. ನ್ಯೂಟ್ರಲ್, ಅರ್ಥ್ ಸೇರಿಸಿದ ಸಾಕೆಟ್‌ಗೂ ಅದು ಸರಿ ಅಂತಲೇ ತೋರಿಸುತ್ತದೆ. ಮಲ್ಟಿಮೀಟರ್ ಇದ್ದರೆ ಸ್ವಲ್ಪ ಸುಳಿವು ಸಿಗುತ್ತದೆ. ಕಾರು ಚಾರ್ಜ್ ಆಗುತ್ತಿರುವಾಗ ಅದೇ ಬೋರ್ಡಿನ ಪಕ್ಕದ ಸಾಕೆಟ್‌ನಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಅಳೆದರೆ, ನಿಜವಾದ ಅರ್ಥಿಂಗ್ ಇದ್ದಾಗ ಸಾಮಾನ್ಯವಾಗಿ ಒಂದೆರಡು ವೋಲ್ಟ್ ಬರುತ್ತದೆ. ಅಷ್ಟು ಲೋಡ್ ಇದ್ದೂ ಸೊನ್ನೆ ಬಂದರೆ ಅನುಮಾನ ಪಡಿ. ಆದರೆ ಖಾತ್ರಿಯಾಗುವುದು ಮೇನ್ ಆಫ್ ಮಾಡಿಸಿ ಸಾಕೆಟ್ ಬಿಚ್ಚಿಸಿದಾಗಲೇ. ಹಸಿರು ವೈರು ಹೊರಟು ಎಲ್ಲಿಗೆ ಹೋಗುತ್ತದೆ, ಗುಂಡಿಯ ತನಕ ಮುಟ್ಟುತ್ತದಾ ಅಂತ ಕಣ್ಣಾರೆ ನೋಡಿ. ಅರ್ಥ್ ಟೆಸ್ಟರ್‌ನಿಂದ ಗುಂಡಿಯ ರೋಧ (ಓಮ್ಸ್) ಅಳೆಸಿ. ಇದನ್ನು ಕೇಳಲು ಸಂಕೋಚ ಬೇಡ.

ಸರಿಯಾಗಿ ಮಾಡಿಸುವುದು ದೊಡ್ಡ ಕೆಲಸವೇನಲ್ಲ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ಸುರಕ್ಷತಾ ನಿಯಮಗಳು ಚಾರ್ಜಿಂಗ್ ಸ್ಟೇಷನ್‌ಗಳಿಗೆ ಏನು ಬೇಕು ಅಂತ ಸ್ಪಷ್ಟವಾಗಿ ಹೇಳಿವೆ. ಪ್ರತಿ ಚಾರ್ಜಿಂಗ್ ಪಾಯಿಂಟ್‌ಗೂ ಬೇರೆಯೇ ಲೈನ್ ಇರಬೇಕು. ಸೋರಿಕೆಗೆ ಬೀಳುವ ಬ್ರೇಕರ್ 30 ಮಿಲಿಆಂಪಿಯರ್ ಮೀರಬಾರದು, ಕನಿಷ್ಠ ಟೈಪ್ ಎ (ಮಿಡಿಯುವ ಡಿಸಿ ಸೋರಿಕೆಯನ್ನೂ ಹಿಡಿಯುವ ಬಗೆ) ಮಟ್ಟದ್ದಾಗಿರಬೇಕು, ನ್ಯೂಟ್ರಲ್ಲನ್ನೂ ಕಡಿಯಬೇಕು. ಸಾಕೆಟ್ ನೆಲದಿಂದ ಕನಿಷ್ಠ 800 ಮಿಲಿಮೀಟರ್ ಮೇಲಿರಬೇಕು. ಎಕ್ಸ್‌ಟೆನ್ಷನ್ ವೈರ್ ಕೂಡದು. ನಿಮ್ಮದು ಒಂದೇ ಸಾಕೆಟ್ ಆದರೂ ಇದನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಿ. 16 ಆಂಪಿಯರ್ ಸಾಕೆಟ್‌ಗೆ 4 ಚದರ ಮಿಲಿಮೀಟರ್ ತಾಮ್ರದ ವೈರು ಎಳೆಸಿ, ದೂರ ಜಾಸ್ತಿ ಇದ್ದರೆ ಇನ್ನೂ ದಪ್ಪದ್ದು. ಆರ್‌ಸಿಸಿಬಿ ಮೇಲಿನ ಟೆಸ್ಟ್ ಬಟನ್ ಆಗಾಗ ಒತ್ತಿ, ಬೀಳುತ್ತದಾ ನೋಡಿ. ಎಲೆಕ್ಟ್ರಿಷಿಯನ್ "ಈ ಆರ್‌ಸಿಸಿಬಿ ಸುಮ್ನೆ ಬೀಳ್ತಾ ಇರುತ್ತೆ, ತೆಗೆದುಬಿಡ್ತೀನಿ" ಅಂದರೆ ಬಿಡಬೇಡಿ. ಅದು ಬೀಳುವುದಕ್ಕೆ ಕಾರಣ ಇರುತ್ತದೆ, ಅದನ್ನು ಹುಡುಕಿಸಿ.

ನಮ್ಮ ಮ್ಯಾನೇಜ್‌ಮೆಂಟ್ ಏನು ಮಾಡಿತು ಅಂತ ಕೇಳಬಹುದು. ಆಸ್ಪತ್ರೆ ಖರ್ಚು ಕೊಟ್ಟರು. ಎಲೆಕ್ಟ್ರಿಷಿಯನ್‌ನನ್ನು ಬರಬೇಡ ಅಂದರು. ಮರುವಾರವೇ ಕಾರು, ಸ್ಕೂಟರ್ ಯಾವುದನ್ನೂ ಚಾರ್ಜ್ ಮಾಡುವ ಹಾಗಿಲ್ಲ ಅಂತ ನೋಟಿಸ್ ಹಾಕಿದರು. ಇಂಥ ಅಪಘಾತದಲ್ಲಿ ಗಾಯವಾದರೆ ವಿದ್ಯುತ್ ಪರಿವೀಕ್ಷಕರಿಗೆ ತಿಳಿಸಬೇಕು ಅಂತ 2003ರ ವಿದ್ಯುತ್ ಕಾಯ್ದೆಯ 161ನೇ ಸೆಕ್ಷನ್ ಹೇಳುತ್ತದೆ. ಅದನ್ನು ಎತ್ತಿದ್ದಕ್ಕೆ, "ಗುಣವಾಗಿದ್ದಾರಲ್ಲ, ದೊಡ್ಡದು ಮಾಡಬೇಡಿ" ಅಂದರು. ಆಫೀಸಿನಲ್ಲಿ ಕಾರು ಚಾರ್ಜ್ ಮಾಡಲು ಪರ್ಮಿಷನ್ನೇ ಇಲ್ಲ ಅಂತಲೂ ವಾದಿಸಿದರು. ಅದು ಸುಳ್ಳು. ಇರುವ ಕನೆಕ್ಷನ್‌ನಲ್ಲೇ ಮನೆಯಲ್ಲೋ ಆಫೀಸಿನಲ್ಲೋ ಚಾರ್ಜ್ ಮಾಡಬಹುದು ಅಂತ ಕೇಂದ್ರ ವಿದ್ಯುತ್ ಸಚಿವಾಲಯದ 2022ರ ಮಾರ್ಗಸೂಚಿಯಲ್ಲೇ ಇತ್ತು.

ನನಗೆ ಜಾಸ್ತಿ ಸಿಟ್ಟು ಬಂದದ್ದು ಇದಕ್ಕಲ್ಲ. ಚಾರ್ಜಿಂಗ್ ನಿಲ್ಲಿಸಿದ ಕೂಡಲೇ ಸಮಸ್ಯೆ ಮುಗಿಯಿತು ಅಂದುಕೊಂಡರಲ್ಲ, ಅದಕ್ಕೆ. ಆ ಗುಂಡಿಯ ಅರ್ಥಿಂಗ್ ಇಡೀ ಶೆಡ್ಡಿನದು. ಕೆಲಸದವರು ದಿನಾ ಒದ್ದೆ ಕೈಯಲ್ಲಿ ಮುಟ್ಟುವ ಸ್ಟೀಲ್ ವಾಟರ್ ಕೂಲರ್ ಅದೇ ಶೆಡ್ಡಿನಲ್ಲಿದೆ. ಅರ್ಥಿಂಗ್ ಇಲ್ಲ ಅಂತ ಹೇಳುತ್ತಿದ್ದದ್ದು ನನ್ನ ಚಾರ್ಜರ್ ಒಂದೇ, ಕೂಲರ್‌ಗೆ ಹೇಳಲು ಬಾಯಿಲ್ಲ. ನಾವು ಕೆಲವರು ಸಹಿ ಮಾಡಿ ಪತ್ರ ಕೊಟ್ಟ ಮೇಲೆ ಹೊಸ ಗುಂಡಿ ತೋಡಿಸಿ, ಕೂಲರ್‌ಗೆ ಆರ್‌ಸಿಸಿಬಿ ಹಾಕಿಸಿದರು. ಕಾರಿನ ಚಾರ್ಜಿಂಗ್ ಇನ್ನೂ ನಿಂತೇ ಇದೆ. ನಾನು ಈಗ ನೆಲಮಂಗಲದ ಹತ್ತಿರ ಫಾಸ್ಟ್ ಚಾರ್ಜರ್‌ನಲ್ಲಿ ನಿಂತು ಹೋಗುತ್ತೇನೆ. ಯೂನಿಟ್‌ಗೆ 20 ರೂಪಾಯಿ ಆಸುಪಾಸು, ಮೇಲೆ ಶೇ. 18 ಜಿಎಸ್‌ಟಿ. ಮನೆಯಲ್ಲಿ ಚಾರ್ಜಿಂಗ್ ಇಲ್ಲದೆ ಬರೀ ಆಫೀಸನ್ನು ನಂಬಿ ಕಾರು ಕೊಳ್ಳುವವರು ಈ ಖರ್ಚನ್ನೂ ಲೆಕ್ಕಕ್ಕೆ ಹಿಡಿದುಕೊಳ್ಳಿ. ಒಪ್ಪಿಗೆಯನ್ನು ಬಾಯಿಮಾತಿನಲ್ಲಿ ಬಿಡದೆ ಬರವಣಿಗೆಯಲ್ಲಿ ತೆಗೆದುಕೊಳ್ಳಿ.

ನಿಮ್ಮ ಸಾಕೆಟ್ ಬಗ್ಗೆ ಈಗ ಅನುಮಾನ ಬಂದು, ಕಾರು ಈ ಹೊತ್ತಿನಲ್ಲೇ ಅದಕ್ಕೆ ಹಾಕಿದ್ದರೆ ಹೀಗೆ ಮಾಡಿ. ಮೊದಲು ಹೋಗಿ ಕಾರನ್ನಾಗಲೀ ಚಾರ್ಜಿಂಗ್ ಗನ್ನನ್ನಾಗಲೀ (ಕಾರಿಗೆ ಚುಚ್ಚುವ ಕೇಬಲ್ ತುದಿಯನ್ನಾಗಲೀ) ಮುಟ್ಟಬೇಡಿ. ಪಕ್ಕದ ಲೈಟು ಫ್ಯಾನು ಇದ್ದಕ್ಕಿದ್ದಂತೆ ನಿಂತಿದ್ದರಂತೂ ಯಾರನ್ನೂ ಹತ್ತಿರ ಬಿಡಬೇಡಿ. ಸಾಕೆಟ್‌ನ ಸ್ವಿಚ್ಚನ್ನು ನಂಬದೆ ಡಿಬಿಗೆ ಹೋಗಿ ಆ ಒಂದು ಲೈನಿನದಷ್ಟೇ ಅಲ್ಲ, ಇಡೀ ಮೇನ್ ಆಫ್ ಮಾಡಿಸಿ. ಒಣ ಚಪ್ಪಲಿ ಹಾಕಿಕೊಂಡು ಗೋಡೆಯ ಪ್ಲಗ್ ಎಳೆಯಿರಿ, ಕಾರಿನ ಗನ್ ತೆಗೆಯುವುದು ಅದಾದ ಮೇಲೆ. ಬೈಪಾಸ್ ಅಡಾಪ್ಟರ್ ಇದ್ದರೆ ಬೇರೆಯವರಿಗೆ ಕೊಡಬೇಡಿ, ಪಿನ್ ಕತ್ತರಿಸಿ ಎಸೆಯಿರಿ.