ಶಟರ್ ವೇಗ ಅಳೆಯಲು ಮೈಕ್, ಫೋಟೊಟ್ರಾನ್ಸಿಸ್ಟರ್, ಡಬ್ಬಾ ಟಿವಿ

ಹಳೇ ಫಿಲ್ಮ್ ಕ್ಯಾಮೆರಾದ ಶಟರ್ ಡಯಲ್ ಹೇಳಿದಷ್ಟೇ ಹೊತ್ತು ತೆರೆಯುತ್ತಿದೆಯೇ ಅಂತ ನೋಡಲು ಮನೆಯಲ್ಲೇ ಮೂರು ವಿಧಾನಗಳಿವೆ. ಪೆಂಟಾಕ್ಸ್ ಕೆ1000 ಥರ ಎರಡು ಬಟ್ಟೆ ಪರದೆಗಳು (ಒಂದು ತೆರೆಯಲು, ಇನ್ನೊಂದು ಮುಚ್ಚಲು) ಅಡ್ಡಡ್ಡ ಓಡುವ ಕ್ಯಾಮೆರಾದಲ್ಲಿ ಮೂರರ ಬಣ್ಣವೂ ಬಯಲಾಗುತ್ತದೆ. ಡಯಲ್ ಮೇಲೆ 60, 500 ಅಂತಿದ್ದರೂ ನಿಜವಾದ ಗುರಿ 1/64, 1/512 ಸೆಕೆಂಡ್, ಅಂದರೆ 15.6 ಮತ್ತು 1.95 ಮಿಲಿಸೆಕೆಂಡ್. ಇದು ಗೊತ್ತಿಲ್ಲದಿದ್ದರೆ 60ರಲ್ಲಿ ಸುಮ್ಮನೆ ಆರು ಪರ್ಸೆಂಟ್ ತಪ್ಪು ಕಾಣುತ್ತದೆ.

ಖರ್ಚಿಲ್ಲದ್ದು ಫೋನಿನ ಮೈಕ್. ಕ್ಯಾಮೆರಾಗೆ ತಾಗಿಸಿ ರೆಕಾರ್ಡ್ ಮಾಡಿ, ಆಡಾಸಿಟಿಯಲ್ಲಿ (ಧ್ವನಿಯ ಅಲೆ ತೋರಿಸುವ ಸಾಫ್ಟ್‌ವೇರ್) ಶಟರ್ ತೆರೆಯುವ, ಮುಚ್ಚುವ ಎರಡು ಸದ್ದುಗಳ ಅಂತರ ನೋಡಿ. 1 ಸೆಕೆಂಡಿನಿಂದ 1/15ರವರೆಗೆ ನಂಬಬಹುದು. 1/60 ದಾಟಿದರೆ ಕನ್ನಡಿಯ ಬಡಿತ, ಪರದೆಗಳ ಬಡಿತ ಎಲ್ಲ ಕಲಸಿಹೋಗುತ್ತವೆ. ಹಾಗಂತ ತಾತ್ಸಾರ ಬೇಡ: ಹಳೇ ಕ್ಯಾಮೆರಾದಲ್ಲಿ ಎಣ್ಣೆ ಅಂಟಾಗಿ ಮೊದಲು ಕೈಕೊಡುವುದು ನಿಧಾನ ವೇಗಗಳೇ.

1/125ರಿಂದ ಮೇಲಕ್ಕೆ ಫೋಟೊಟ್ರಾನ್ಸಿಸ್ಟರ್ರೇ ಬೇಕು, ಅಂದರೆ ಬೆಳಕು ಬಿದ್ದಾಗ ಕರೆಂಟ್ ಹರಿಸುವ ಪುಟ್ಟ ಸೆನ್ಸರ್. ಅದರ ಕಲೆಕ್ಟರ್ ಕಾಲು ಮೈಕ್ ತಂತಿಗೆ, ಎಮಿಟರ್ ಕಾಲು ಗ್ರೌಂಡಿಗೆ. ಮೈಕ್ ಜ್ಯಾಕಿನಲ್ಲೇ ಬರುವ ಸಣ್ಣ ವೋಲ್ಟೇಜ್ ಸಾಕು, ಬ್ಯಾಟರಿ ಬೇಡ. ಲೆನ್ಸ್ ಕಡೆಯಿಂದ ಬೆಳಕು ಬಿಟ್ಟು, ಹಿಂದೆ ಸೆನ್ಸರ್ ಹಿಡಿದು ಒತ್ತಿದರೆ ಆಡಾಸಿಟಿಯಲ್ಲಿ ಅಲೆ ಚಪ್ಪಟೆಯಾಗಿರದೆ ಮೇಲೊಂದು, ಕೆಳಗೊಂದು ಮೊನೆಯಾಗಿ ಬರುತ್ತದೆ. ಆ ಮೊನೆಗಳ ನಡುವಿನದೇ ಅಳತೆ. ಸೆಕೆಂಡಿಗೆ 44,100 ಸ್ಯಾಂಪಲ್ ದರದಲ್ಲಿ 1/1000ಕ್ಕೆ (ನಿಜವಾದ ಗುರಿ 1/1024) ಸುಮಾರು 43 ಸ್ಯಾಂಪಲ್ ಸಿಗುತ್ತವೆ. ಎಡವುವುದು ಎರಡು ಕಡೆ. ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುವುದರಿಂದ ಬಿಸಿಲನ್ನೋ ಪೂರ್ತಿ ಪ್ರಖರತೆಯ ಟಾರ್ಚನ್ನೋ ಬಳಸಿ. ಇನ್ನೊಂದು, 1/1000ರಲ್ಲಿ ಪರದೆಗಳ ನಡುವಿನ ಸೀಳು ಎರಡು-ಮೂರು ಮಿಲಿಮೀಟರ್ ಅಷ್ಟೇ. ಸೆನ್ಸರ್ ತೆರೆದೇ ಇದ್ದರೆ ಸಮಯ ಹೆಚ್ಚು ತೋರಿಸುತ್ತದೆ. ಕಪ್ಪು ಕಾಗದಕ್ಕೆ ಸೂಜಿಯಿಂದ ಅರ್ಧ ಮಿಲಿಮೀಟರ್ ತೂತು ಚುಚ್ಚಿ ಸೆನ್ಸರ್ ಮುಂದಿಟ್ಟು, ಫಿಲ್ಮ್ ಕೂರುವ ಜಾಗಕ್ಕೆ ಆದಷ್ಟು ಹತ್ತಿರ ಹಿಡಿಯಿರಿ. ಎಡ, ನಡು, ಬಲ ಮೂರೂ ಕಡೆ ಐದೈದು ಸಲ ಒತ್ತಿ. ಒಂದೇ ಸಮನೆ ಹತ್ತು ಪರ್ಸೆಂಟ್ ನಿಧಾನವಿದ್ದರೆ ಬದುಕಬಹುದು; ಸಲಸಲಕ್ಕೂ ಬೇರೆ ಬಂದರೆ ಬಿಚ್ಚಲೇಬೇಕು.

ಡಬ್ಬಾ ಟಿವಿ, ಅಂದರೆ ಹಳೇ ಪಿಕ್ಚರ್ ಟ್ಯೂಬ್ ಟಿವಿ, ಅಂಕಿ ಕೊಡುವುದರಲ್ಲಿ ಹಿಂದೆ, ರೋಗ ತೋರಿಸುವುದರಲ್ಲಿ ಮುಂದೆ. ಅದು ಚಿತ್ರವನ್ನು ಗೆರೆಗೆರೆಯಾಗಿ ಬರೆಯುತ್ತದೆ. ಪಾಲ್ (ನಮ್ಮಲ್ಲಿದ್ದ ಪ್ರಸಾರ ಪದ್ಧತಿ) ಟಿವಿಯಲ್ಲಿ ಒಂದು ಗೆರೆಗೆ 64 ಮೈಕ್ರೊಸೆಕೆಂಡ್, ಹಾಗಾಗಿ 1/1000ಕ್ಕೆ ಸುಮಾರು 15 ಗೆರೆ. ಲೆನ್ಸ್ ಕಳಚಿ, ಕ್ಯಾಮೆರಾದ ಹಿಂಬಾಗಿಲು ತೆರೆದು, ಟಿವಿಯ ಹತ್ತಿರ ಹಿಡಿದು ಹಿಂದಿನಿಂದ ನೋಡುತ್ತ ಒತ್ತಿದರೆ ಓರೆಯಾದ ಬೆಳಕಿನ ಪಟ್ಟಿ ಕಾಣುತ್ತದೆ. ಆ ಪಟ್ಟಿ ಒಂದು ತುದಿಯಲ್ಲಿ ಸಣಕಲಾಗಿ ಕೊನೆಗೆ ಮಾಯವಾದರೆ ಹಿಂದಿನ ಪರದೆ ಮುಂದಿನದನ್ನು ಹಿಡಿದುಬಿಟ್ಟಿದೆ. ಫೋಟೊದ ಆ ಅಂಚು ಕಪ್ಪಾಗುತ್ತದೆ. ಪರದೆ ಎಳೆಯುವ ಸ್ಪ್ರಿಂಗ್ ಬಿಗಿ ಮಾಡುವ ಮುನ್ನ ಪರದೆ ಸುತ್ತುವ ರೋಲರ್‌ಗಳ ಕೊಳೆ ತೆಗೆಯಿರಿ. ಎಷ್ಟೋ ಸಲ ಅಷ್ಟಕ್ಕೇ ಪಟ್ಟಿ ಸರಿಹೋಗುತ್ತದೆ.